42 ಎಂಎಂ ಬೇಕಾ, 38 ಸಾಕಾ? ವಾಚ್ ಕೊಳ್ಳುವ ಮೊದಲು ಮಣಿಕಟ್ಟು ಅಳೆಯಿರಿ

ಅಕ್ಕನ ಮಗನಿಗೆ ಮುಂಬೈಯ ಬಿಕೆಸಿಯಲ್ಲಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ಭಾನುವಾರ ಡೊಂಬಿವ್ಲಿಯ ನಮ್ಮ ಮನೆಗೆ ಊಟಕ್ಕೆ ಬಂದ. ಕೈ ತೊಳೆಯುವ ಮೊದಲೇ ಫೋನ್ ಮುಂದೆ ಹಿಡಿದು ಕೇಳಿದ, “ಮಾವ, 42 ತೆಗೆದುಕೊಳ್ಳಲಾ, 38 ತೆಗೆದುಕೊಳ್ಳಲಾ?” ಒಂದೇ ವಾಚಿನ ಎರಡು ಸೈಜು. ಬಣ್ಣ ಒಂದೇ, ಬೆಲೆಯೂ ಹೆಚ್ಚುಕಮ್ಮಿ ಒಂದೇ.

“ನಿನ್ನ ಕೈ ಎಷ್ಟು?” ಅಂದೆ. ಅವನಿಗೆ ಗೊತ್ತಿರಲಿಲ್ಲ. ಶೂ ಸೈಜು ಗೊತ್ತು, ಶರ್ಟಿನ ಕಾಲರ್ ಗೊತ್ತು, ಪ್ಯಾಂಟಿನ ಸೊಂಟ ಗೊತ್ತು. ಮಣಿಕಟ್ಟಿನ ಅಳತೆ ಮಾತ್ರ ಗೊತ್ತಿಲ್ಲ.

ಬೈಯುವ ಹಕ್ಕು ನನಗೂ ಇಲ್ಲ ಬಿಡಿ. 2011ರಲ್ಲಿ ನಾನೂ ಒಂದು ಮಾಲ್‌ಗೆ ಹೋಗಿ 46 ಎಂಎಂ ವಾಚ್ ತಂದಿದ್ದೆ. ಆಗ ಅದೇ ಫ್ಯಾಷನ್. ನನ್ನ ಕೈಯೋ ನುಗ್ಗೆಕಾಯಿ. ಮನೆಯವಳು ನೋಡಿ “ಗೋಡೆ ಗಡಿಯಾರ ಯಾಕೆ ಕಟ್ಟಿಕೊಂಡಿದ್ದೀರಿ?” ಅಂದಳು. ಲೋಕಲ್ ಟ್ರೈನಿನಲ್ಲಿ ಪಕ್ಕದವನ ಬ್ಯಾಗಿನ ಪಟ್ಟಿಗೆ ಅದು ಎರಡು ಸಲ ಸಿಕ್ಕಿಕೊಂಡಿತು. ಎರಡನೇ ಸಲ ಆ ಮನುಷ್ಯ ಘಾಟ್ಕೋಪರ್‌ನಲ್ಲಿ ಇಳಿದಾಗ ನಾನೂ ಅರ್ಧ ಇಳಿದಿದ್ದೆ.

ಆಮೇಲೆ ತಿಳಿದುಕೊಂಡದ್ದನ್ನು ಹುಡುಗನಿಗೆ ಹೇಳಿದ ಕ್ರಮದಲ್ಲೇ ಇಲ್ಲೂ ಹೇಳುತ್ತೇನೆ.

ಮೊದಲು ಫ್ಯಾಷನ್ ಕಥೆ ಮುಗಿಸೋಣ

ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ನಮ್ಮ ದೊಡ್ಡಪ್ಪ ಆರಡಿ ಆಳು. ಅವರ ಕೈಯಲ್ಲಿದ್ದದ್ದು ಎಚ್‌ಎಂಟಿ ಜನತಾ. ಸುಮಾರು 35 ಎಂಎಂ. ಅದು ಚಿಕ್ಕದು ಅಂತ ಅವರಿಗಾಗಲಿ ನೋಡುವವರಿಗಾಗಲಿ ಯಾವತ್ತೂ ಅನಿಸಲಿಲ್ಲ. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಶುರುವಾದಾಗ ಗಂಡಸರ ವಾಚಿನ ಸೈಜೇ ಅಷ್ಟು. ಸ್ವಿಸ್‌ನವರದೂ ಬೇರೆ ಇರಲಿಲ್ಲ. 1945ರಲ್ಲಿ ಬಂದ ರೋಲೆಕ್ಸ್ ಡೇಟ್‌ಜಸ್ಟ್ 36 ಎಂಎಂ.

1972ರಲ್ಲಿ ಓಡೆಮಾ ಪಿಗೆ ಕಂಪನಿ ರಾಯಲ್ ಓಕ್ ಅನ್ನುವ ಸ್ಟೀಲ್ ವಾಚ್ ತಂದಿತು. 39 ಎಂಎಂ. ಇಷ್ಟಕ್ಕೇ ಅದಕ್ಕೆ ‘ಜಂಬೊ’ ಅನ್ನುವ ಅಡ್ಡಹೆಸರು ಬಿತ್ತು! ಇವತ್ತು 39 ಅಂದರೆ ಅಂಗಡಿಯವನು ‘ಮೀಡಿಯಂ ಸೈಜು’ ಅನ್ನುತ್ತಾನೆ. 1993ರಲ್ಲಿ ಅದೇ ವಾಚಿನ 42ರ ಅಣ್ಣ ಬಂದಾಗ ಜನ ಅದನ್ನು ದೈತ್ಯಪ್ರಾಣಿ ಅಂತ ಕರೆದರು. ಆಮೇಲಿನ ಹದಿನೈದು ಇಪ್ಪತ್ತು ವರ್ಷ ಕೇಳಲೇಬೇಡಿ. 44, 46, ಕೆಲವು ಇನ್ನೂ ಮೇಲೆ. ನನ್ನ ಮಾಲ್ ಖರೀದಿ ಆ ಜ್ವರದ ಕೊನೆಯ ದಿನಗಳದ್ದು.

ಈಗ ಗಾಳಿ ಮತ್ತೆ ಹಿಂದಕ್ಕೆ ಬೀಸುತ್ತಿದೆ. ಟ್ಯೂಡರ್ ಕಂಪನಿಯ ಬ್ಲ್ಯಾಕ್ ಬೇ ನೋಡಿ. 2012ರಲ್ಲಿ 41 ಇತ್ತು. 2018ರಲ್ಲಿ 39ರದ್ದು ಬಂತು, 2023ರಲ್ಲಿ 37ರದ್ದು. ರೋಲೆಕ್ಸ್ ಎಕ್ಸ್‌ಪ್ಲೋರರ್ ಕಥೆ ಇನ್ನೂ ಮಜಾ. ದಶಕಗಟ್ಟಲೆ 36 ಇದ್ದದ್ದು 2010ರಲ್ಲಿ 39 ಆಯಿತು. 2021ರಲ್ಲಿ ಮತ್ತೆ 36. ಹನ್ನೊಂದು ವರ್ಷ ಪ್ರದಕ್ಷಿಣೆ ಹಾಕಿ ಹೊರಟಲ್ಲಿಗೇ ಬಂದು ನಿಂತಿತು. ಅಷ್ಟಕ್ಕೂ ಸುಮ್ಮನಿರಲಾರದೆ 2023ರಲ್ಲಿ 40ರದ್ದೂ ಒಂದು ಬಂತು.

ಇಷ್ಟೆಲ್ಲ ಆಗುವಾಗ ನಿಮ್ಮ ಮಣಿಕಟ್ಟಿನ ಮೂಳೆ ಒಂದು ಎಂಎಂ ಕೂಡ ಹಿಗ್ಗಲಿಲ್ಲ, ಕುಗ್ಗಲಿಲ್ಲ ಅಲ್ವಾ? ಹಾಗಾಗಿ ಅಳತೆ ಅಲ್ಲಿಂದ ಶುರುವಾಗಬೇಕು.

ದಾರ, ಸ್ಕೇಲು, ಎರಡು ಬೆಂಕಿಪೊಟ್ಟಣ

ಮನೆಯಲ್ಲಿ ಬಟ್ಟೆ ಹೊಲಿಯುವ ಟೇಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಾರ ಸಾಕು. ವಾಚ್ ಕಟ್ಟುವ ಜಾಗಕ್ಕೆ, ಅಂದರೆ ಮಣಿಕಟ್ಟಿನ ಉಬ್ಬಿದ ಗಂಟಿಗಿಂತ ಸ್ವಲ್ಪ ಮೊಣಕೈ ಕಡೆಗೆ, ದಾರ ಸುತ್ತಿ. ಬಿಗಿಯಬೇಡಿ. ಸೇರಿದ ಜಾಗಕ್ಕೆ ಪೆನ್ನಿನ ಗುರುತು ಹಾಕಿ ಸ್ಕೇಲಿಗೆ ಹಿಡಿಯಿರಿ. ಇದು ಸುತ್ತಳತೆ.

ಬೆಳಿಗ್ಗೆ ಎದ್ದ ತಕ್ಷಣ ಅಳೆಯಬೇಡಿ. ಸಂಜೆ ಆಫೀಸಿನಿಂದ ಬಂದ ಮೇಲೆ ಅಳೆಯಿರಿ. ಮುಂಬೈ ಸೆಕೆಗೆ ಕೈ ಊದಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಂತೂ ಬೆಳಿಗ್ಗೆ ಸಡಿಲವಾಗಿದ್ದ ಚೈನು ಸಂಜೆ ಮೈಗೆ ಅಚ್ಚೊತ್ತಿರುತ್ತದೆ.

ಸುತ್ತಳತೆ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಇಬ್ಬರದೂ ಹದಿನಾರುವರೆ ಸೆಂಟಿಮೀಟರ್ ಇರಬಹುದು. ಆದರೆ ಒಬ್ಬರ ಮಣಿಕಟ್ಟು ಬಾಳೆದಿಂಡಿನ ಹಾಗೆ ಉರುಟು, ಇನ್ನೊಬ್ಬರದು ಮಣೆಯ ಹಾಗೆ ಚಪ್ಪಟೆ. ಚಪ್ಪಟೆ ಕೈಯಲ್ಲಿ ದೊಡ್ಡ ವಾಚೂ ನೆಟ್ಟಗೆ ಕೂರುತ್ತದೆ. ಉರುಟು ಕೈಯಲ್ಲಿ ಅದೇ ವಾಚ್ ಮಡಕೆಯ ಮೇಲೆ ತಟ್ಟೆ ಇಟ್ಟ ಹಾಗೆ ತೂಗಾಡುತ್ತದೆ.

ಆದ್ದರಿಂದ ಎರಡನೇ ಅಳತೆ. ಅಂಗೈ ಕೆಳಗೆ ಮಾಡಿ ಕೈಯನ್ನು ಮೇಜಿನ ಮೇಲಿಡಿ. ಮಣಿಕಟ್ಟಿನ ಎರಡೂ ಬದಿಗೆ ತಾಗುವ ಹಾಗೆ ಒಂದೊಂದು ಬೆಂಕಿಪೊಟ್ಟಣ ನಿಲ್ಲಿಸಿ. ಕೈ ಎತ್ತಿ, ಅವುಗಳ ನಡುವಿನ ಜಾಗ ಅಳೆಯಿರಿ. ಇದು ಒಟ್ಟು ಅಗಲ. ಆಮೇಲೆ ಸ್ಕೇಲನ್ನು ಮಣಿಕಟ್ಟಿನ ಮೇಲೆ ಅಡ್ಡ ಇಟ್ಟು, ಕೈ ಎಲ್ಲಿಂದ ಕೆಳಕ್ಕೆ ಬಾಗಲು ಶುರುವಾಗುತ್ತದೆ ನೋಡಿ. ಆ ಎರಡು ಬಾಗುಗಳ ನಡುವಿನ ಸಪಾಟು ಜಾಗವೇ ವಾಚ್ ಕೂರಬೇಕಾದ ಸೈಟು. ನಮ್ಮ ಹುಡುಗನ ಸುತ್ತಳತೆ 16 ಸೆಂ.ಮೀ., ಒಟ್ಟು ಅಗಲ 54 ಎಂಎಂ, ಸಪಾಟು ಜಾಗ 48 ಎಂಎಂ. ಕೊನೆಯ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೋ ಅಂದೆ.

ಡಬ್ಬಿ ಮೇಲಿನ ಸಂಖ್ಯೆ ಅರ್ಧ ಸತ್ಯ

42 ಎಂಎಂ, 38 ಎಂಎಂ ಅನ್ನುವುದು ವಾಚಿನ ಕೇಸಿನ ಅಡ್ಡಗಲ. ತಿರುಗಿಸುವ ಕೀಯನ್ನು ಅದರಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ವಾಚ್ ಕೈಯಲ್ಲಿ ಕೂರುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಇನ್ನೊಂದು ಅಳತೆ. ಬೆಲ್ಟು ಸಿಕ್ಕಿಸಲು ಮೇಲೆ ಎರಡು, ಕೆಳಗೆ ಎರಡು ಕೊಂಬುಗಳಿರುತ್ತವಲ್ಲ, ಅವಕ್ಕೆ ಲಗ್ ಅನ್ನುತ್ತಾರೆ. ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ ‘ಲಗ್ ಟು ಲಗ್’. ಈ ಉದ್ದ ನಿಮ್ಮ ಸಪಾಟು ಜಾಗಕ್ಕಿಂತ ಕಡಿಮೆ ಇರಬೇಕು. ಹೆಚ್ಚೆಂದರೆ ಸಮ ಇರಬಹುದು. ಕೊಂಬುಗಳು ಕೈಯ ಅಂಚು ದಾಟಿ ಗಾಳಿಯಲ್ಲಿ ನಿಂತವೋ, ಆ ವಾಚ್ ನಿಮ್ಮದಲ್ಲ.

ಉದಾಹರಣೆಗೆ ಸೈಕೋ ಎಸ್‌ಕೆಎಕ್ಸ್007 ತೆಗೆದುಕೊಳ್ಳಿ. ನೀರಿನಲ್ಲಿ ಮುಳುಗುವವರಿಗೆಂದು ಮಾಡಿದ ಡೈವರ್ ವಾಚ್, ಅಗಲ 42 ದಾಟುತ್ತದೆ. ಕೇಳಿದರೆ ಸಣ್ಣ ಕೈಯವರು ಹೆದರಬೇಕು. ಆದರೆ ಲಗ್ ಟು ಲಗ್ 46ರ ಆಸುಪಾಸು. ಕೊಂಬುಗಳು ಗಿಡ್ಡ, ಕೆಳಕ್ಕೆ ಬಾಗಿವೆ. ಹದಿನಾರುವರೆ ಸೆಂಟಿಮೀಟರ್ ಕೈಯಲ್ಲೂ ಕೂರುತ್ತದೆ. ಇದಕ್ಕೆ ಉಲ್ಟಾ ಟಿಸೊ ಪಿಆರ್‌ಎಕ್ಸ್. 2021ರಲ್ಲಿ 40ರಲ್ಲಿ ಬಂತು. ಅದರ ಚೈನು ಕೇಸಿನ ಜೊತೆ ಒಂದೇ ಮೈಯಾಗಿ ಬೆಸೆದ ಹಾಗೆ ಇದೆ. ಚೈನಿನ ಮೊದಲ ಕೊಂಡಿ ತಕ್ಷಣ ಕೆಳಕ್ಕೆ ಬಾಗದೆ ಚಾಚಿಕೊಂಡಿರುವುದರಿಂದ, ಕೈ ಮೇಲೆ 40ಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ಮುಂದೆ ಅದರಲ್ಲಿ 35ರದ್ದೂ ಬಂತು, ಬಹಳ ಗಂಡಸರು ಅದನ್ನೇ ಕಟ್ಟುತ್ತಾರೆ. ಈ ಥರ ಚೈನು ಬೆಸೆದ ವಾಚ್ ಯಾವುದೇ ಇರಲಿ, ಮಾಮೂಲಿಗಿಂತ ಎರಡು ಮೂರು ಎಂಎಂ ಚಿಕ್ಕದನ್ನು ಕೇಳಿ ನೋಡಿ.

ಹುಡುಗನ ಫೋನಿನಲ್ಲಿದ್ದ 42ರ ವಾಚಿನ ಉದ್ದ 50. 38ರದ್ದು 46. ಅವನ ಸಪಾಟು ಜಾಗ 48. ಊಟದ ಎಲೆ ಹಾಕುವ ಮೊದಲೇ ಉತ್ತರ ಸಿಕ್ಕಿಹೋಯಿತು. ಆದರೂ ಅವನಿಗೆ ಸಮಾಧಾನವಿಲ್ಲ. “38 ಅಂದರೆ ಆಫೀಸಿನಲ್ಲಿ ಲೇಡೀಸ್ ವಾಚ್ ಅನ್ನುತ್ತಾರೆ ಮಾವ.” ದೊಡ್ಡಪ್ಪನ ಫೋಟೊ ಗೋಡೆಯಲ್ಲಿತ್ತು. ಕೈ ಮಾಡಿ ತೋರಿಸಿದೆ.

ಬರೀ ಸುತ್ತಳತೆ ಇಟ್ಟುಕೊಂಡು ಅಂದಾಜು ಬೇಕೆನ್ನುವವರಿಗೆ ನನ್ನ ಲೆಕ್ಕ ಹೀಗಿದೆ. ಕೈ 15ರಿಂದ 16 ಸೆಂ.ಮೀ. ಇದ್ದರೆ 34ರಿಂದ 38. ಹದಿನೇಳುವರೆಯವರೆಗೆ 36ರಿಂದ 40. ಅಲ್ಲಿಂದ 19ರವರೆಗೆ 39ರಿಂದ 42. ಅದಕ್ಕಿಂತ ದಪ್ಪ ಕೈ ಇದ್ದರೆ 44 ಕೂಡ ಒಪ್ಪೀತು. ಇದು ಕಂಡ ಕೈಗಳಿಂದ ಕಟ್ಟಿದ ಲೆಕ್ಕ, ಶಾಸ್ತ್ರವಲ್ಲ.

ದಪ್ಪ, ಮತ್ತು ಲೋಕಲ್ ಟೆಸ್ಟ್

ಅಗಲ ಸರಿ ಇದ್ದೂ ವಾಚ್ ಕಾಟ ಕೊಡುವುದು ದಪ್ಪದಿಂದ. ಹತ್ತು ಎಂಎಂ ಒಳಗಿದ್ದರೆ ಶರ್ಟಿನ ತೋಳು ಸಲೀಸಾಗಿ ಮೇಲೆ ಜಾರುತ್ತದೆ. ಹನ್ನೆರಡರವರೆಗೆ ದಿನಬಳಕೆಗೆ ನಡೆಯುತ್ತದೆ. ಹದಿಮೂರು ದಾಟಿತೋ, ತೋಳಿನ ಗುಂಡಿ ಹಾಕಲು ಪರದಾಡಬೇಕು. ಆಟೋಮ್ಯಾಟಿಕ್ ವಾಚಿನೊಳಗೆ ಕೈ ಆಡಿದ ಹಾಗೆ ತಿರುಗುವ ಒಂದು ಚಕ್ರ ಇರುತ್ತದೆ. ಅದಕ್ಕೇ ಸೆಲ್ಲಿನ ವಾಚಿಗಿಂತ ಸಾಮಾನ್ಯವಾಗಿ ದಪ್ಪ. ತೆಳುವೇ ಬೇಕೆಂದರೆ ನಮ್ಮಲ್ಲೇ 2002ರಲ್ಲಿ ಟೈಟನ್ ಎಡ್ಜ್ ಬಂದಿತ್ತು, ಇಡೀ ವಾಚ್ 3.5 ಎಂಎಂ. ಕಡಿಮೆ ದುಡ್ಡಿಗೆ ಕ್ಯಾಸಿಯೊ ಎಫ್-91ಡಬ್ಲ್ಯು ಇದೆ. 1989ರಿಂದ ಅದೇ ರೂಪ, ದಪ್ಪ ಎಂಟೂವರೆ ಎಂಎಂ, ತೂಕ 21 ಗ್ರಾಂ. ಕೈಯಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ.

ಅಂಗಡಿಯಲ್ಲಿ ವಾಚ್ ಕಟ್ಟಿಕೊಂಡ ಮೇಲೆ ಒಂದು ಕೆಲಸ ಮಾಡಿ. ಲೋಕಲ್‌ನಲ್ಲಿ ತಲೆ ಮೇಲಿನ ಹಿಡಿಕೆ ಹಿಡಿಯುವ ಹಾಗೆ ಕೈ ಎತ್ತಿ ಮುಷ್ಟಿ ಕಟ್ಟಿ. ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಆಗ ಕೀ ಕೈಯ ಹಿಂಬದಿಗೆ ಚುಚ್ಚಿದರೆ ವಾಚ್ ಅಗಲ ಅಥವಾ ದಪ್ಪ ಜಾಸ್ತಿ ಆಯಿತು ಅಂತ. ವಾಚ್ ಮೊಣಕೈ ಕಡೆ ಸರ್ರನೆ ಜಾರಿದರೆ ಚೈನು ಸಡಿಲ. ಒಂದು ನಿಮಿಷ ಹಾಗೇ ನಿಲ್ಲಿ. ಅಂಗಡಿಯವನು ವಿಚಿತ್ರವಾಗಿ ನೋಡಬಹುದು, ನೋಡಲಿ. ಕಲ್ಯಾಣದಿಂದ ಸಿಎಸ್‌ಎಂಟಿವರೆಗೆ ಒಂದು ಗಂಟೆಯ ಮೇಲೆ ಹೀಗೆ ನಿಲ್ಲುವವರು ನೀವು, ಅವನಲ್ಲ.

ಕಣ್ಣಿಗೆ ಬೇರೆ, ಸ್ಕೇಲಿಗೆ ಬೇರೆ

ಒಂದೇ 40ರ ಎರಡು ವಾಚ್ ಅಕ್ಕಪಕ್ಕ ಇಟ್ಟರೆ ಒಂದು ದೊಡ್ಡದು, ಒಂದು ಚಿಕ್ಕದು ಕಾಣಬಹುದು. ಡಯಲ್ ಸುತ್ತಲಿನ ಬಳೆ ತೆಳುವಾಗಿದ್ದು ಡಯಲೇ ಅಗಲವಾಗಿ ಹರಡಿದ್ದರೆ ದೊಡ್ಡದು ಕಾಣುತ್ತದೆ. ಡೈವರ್ ವಾಚಿನ ಹಾಗೆ ದಪ್ಪ ಬಳೆ ಇದ್ದರೆ ಚಿಕ್ಕದು. ಬಿಳಿ ಡಯಲ್ ಉಬ್ಬಿಸುತ್ತದೆ, ಕಪ್ಪು ಡಯಲ್ ಕುಗ್ಗಿಸುತ್ತದೆ. ಎರಡು ಸೈಜಿನ ನಡುವೆ ಸಿಕ್ಕಿಬಿದ್ದವರು ಬಣ್ಣದಿಂದಲೇ ಅರ್ಧ ಸೈಜು ಹೊಂದಿಸಿಕೊಳ್ಳಬಹುದು.

ಚೌಕ ವಾಚಿನ ಲೆಕ್ಕ ಬೇರೆ. ನಾಲ್ಕು ಮೂಲೆಯೂ ತುಂಬಿರುವುದರಿಂದ 36ರ ಚೌಕ 40ರ ಉರುಟಿನಷ್ಟು ಕಾಣುತ್ತದೆ. ಸ್ಮಾರ್ಟ್‌ವಾಚಿನಲ್ಲಿ ಇನ್ನೊಂದು ಗೊಂದಲ ಇದೆ. 2015ರಲ್ಲಿ ಆ್ಯಪಲ್ ವಾಚ್ 38 ಮತ್ತು 42ರಲ್ಲಿ ಬಂತಲ್ಲ, ಆ ಸಂಖ್ಯೆ ಅಗಲವಲ್ಲ, ಮೇಲಿನಿಂದ ಕೆಳಗಿನ ಎತ್ತರ. ಈಗಲೂ ಹಾಗೇ. ಹಾಗಾಗಿ “ನನಗೆ 46ರ ಸ್ಮಾರ್ಟ್‌ವಾಚ್ ಸರಿಯಾಗುತ್ತದೆ, 46ರ ಮುಳ್ಳಿನ ವಾಚೂ ಆಗುತ್ತದೆ” ಅನ್ನುವ ಲೆಕ್ಕ ಹಾಕಬೇಡಿ.

ಹೆಂಗಸರ ವಾಚ್ ಅನ್ನುವ ಗೋಡೆಯೂ ಈಗ ಬಿದ್ದಿದೆ. ನಮ್ಮ ಅತ್ತೆಯವರ ಕಾಲದ್ದು ಹುಣಸೆಬೀಜದಷ್ಟು. ಗಂಟೆ ನೋಡಬೇಕಾದರೆ ಕನ್ನಡಕ ಹುಡುಕಬೇಕಿತ್ತು. ದೊಡ್ಡಪ್ಪನ ಆ ಜನತಾ ಈಗ ಅವರ ಮೊಮ್ಮಗಳ ಕೈಯಲ್ಲಿದೆ. ಕಂದು ಬೆಲ್ಟ್ ಹಾಕಿಸಿಕೊಂಡಿದ್ದಾಳೆ, ಅವಳಿಗೇ ಮಾಡಿಸಿದ ಹಾಗಿದೆ. ಬಳೆ ಹಾಕುವ ಕೈಗೇ ವಾಚ್ ಕಟ್ಟುವವರು ಬಳೆ ಹಾಕಿಕೊಂಡೇ ಅಂಗಡಿಗೆ ಹೋಗಿ. ತೆಳು ಕೇಸ್ ನೋಡಿ. ಕೇಸು ಎತ್ತರವಿದ್ದಷ್ಟೂ ಬಳೆ ಬಂದು ಗ್ಲಾಸಿಗೆ ಬಡಿಯುತ್ತದೆ.

ಅಂಗಡಿಯಲ್ಲಿ ಕನ್ನಡಿ, ಆನ್‌ಲೈನ್‌ನಲ್ಲಿ ರಟ್ಟು

ದಾದರ್, ಫೋರ್ಟ್ ಕಡೆಯ ಅಂಗಡಿಗೆ ಹೋದರೆ “ಸಾಬ್, ಆಜ್‌ಕಲ್ ಯಹೀ ಚಲ್ತಾ ಹೈ” ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಚಲ್ತಾ ಇರಲಿ. ನೀವು ಕನ್ನಡಿ ಕೇಳಿ. ವಾಚನ್ನು ನಾವು ಮೇಲಿನಿಂದ, ಒಂದಡಿ ದೂರದಿಂದ ನೋಡುತ್ತೇವೆ. ಬೇರೆಯವರು ಅದನ್ನು ನೋಡುವುದು ಎದುರಿನಿಂದ, ನಮ್ಮ ಇಡೀ ಮೈಯ ಜೊತೆಗೆ. ಎರಡು ಮೀಟರ್ ಹಿಂದೆ ಸರಿದು, ಕೈ ಇಳಿಬಿಟ್ಟು, ಉದ್ದ ಕನ್ನಡಿಯಲ್ಲಿ ನೋಡಿ. ಮೇಲಿನಿಂದ ದೊಡ್ಡದು ಅನಿಸಿದ್ದು ಅಲ್ಲಿ ಸರಿ ಕಾಣುವುದೂ ಇದೆ.

ಕೈಯ ಹತ್ತಿರ ಫೋನ್ ಹಿಡಿದು ತೆಗೆದ ಫೋಟೊ ನಂಬಬೇಡಿ. ಫೋನಿನ ಲೆನ್ಸ್ ಹತ್ತಿರದ್ದನ್ನು ಹಿಗ್ಗಿಸಿ ತೋರಿಸುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ವಾಚುಗಳೆಲ್ಲ ತಟ್ಟೆಯ ಹಾಗೆ ಕಾಣುವುದು ಇದಕ್ಕೇ. ಬೇಕಿದ್ದರೆ ಸ್ನೇಹಿತರ ಕೈಗೆ ಫೋನ್ ಕೊಟ್ಟು ದೂರದಿಂದ ತೆಗೆಸಿ.

ಆನ್‌ಲೈನ್ ಖರೀದಿಗೆ ನನ್ನ ಉಪಾಯ ರಟ್ಟು. ಸ್ವೀಟ್ ಬಾಕ್ಸ್ ರಟ್ಟಿನಲ್ಲಿ ವಾಚಿನ ಅಗಲಕ್ಕೆ ಸರಿಯಾಗಿ ಒಂದು ವೃತ್ತ ಬರೆಯಿರಿ. ಮೇಲೆ ಕೆಳಗೆ ಲಗ್ ಟು ಲಗ್ ಉದ್ದ ಬರುವ ಹಾಗೆ ಕೊಂಬು ಸೇರಿಸಿ ಕತ್ತರಿಸಿ. ಟೇಪಿನಿಂದ ಕೈಗೆ ಅಂಟಿಸಿಕೊಂಡು ಒಂದು ಸಂಜೆ ಓಡಾಡಿ. ಮಕ್ಕಳು ನಗುತ್ತಾರೆ ಅಷ್ಟೆ. ವಾಚ್ ಬಂದ ಮೇಲೆ ಹಿಂದಿನ ಪ್ಲಾಸ್ಟಿಕ್ ಹಾಳೆ ಕೀಳಬೇಡಿ, ಚೈನಿನ ಕೊಂಡಿ ತೆಗೆಸಬೇಡಿ. ಮನೆಯಲ್ಲೇ ಎರಡು ದಿನ ಹಾಕಿ ನೋಡಿ. ಕೊಂಡಿ ತೆಗೆದ ವಾಚನ್ನು ವಾಪಸ್ ತೆಗೆದುಕೊಳ್ಳಲು ತಕರಾರು ಮಾಡುತ್ತಾರೆ.

ಬೆಲ್ಟು, ಚೈನು, ಮಳೆಗಾಲ

ಬೆಲ್ಟಿನ ಅಗಲ ಕೇಸಿನ ಅಗಲದ ಅರ್ಧದಷ್ಟಿದ್ದರೆ ಕಣ್ಣಿಗೆ ಹಿತ. 36ಕ್ಕೆ 18, 40ಕ್ಕೆ 20. ಚೈನು ಹಾಕಿದರೆ ಅದೇ ವಾಚ್ ತೂಕವಾಗಿ, ದೊಡ್ಡದಾಗಿ ಕಾಣುತ್ತದೆ. ಬೆಲ್ಟು ಹಾಕಿದರೆ ಸ್ವಲ್ಪ ಇಳಿಯುತ್ತದೆ. ಚೈನು ಅಳತೆ ಮಾಡಿಸುವಾಗಲೂ ಸಂಜೆಯೇ ಹೋಗಿ. ಬಕಲ್ ಹತ್ತಿರ ಕಿರುಬೆರಳು ತೂರುವಷ್ಟು ಜಾಗ ಬಿಡಿಸಿ. ತೆಗೆದ ಕೊಂಡಿಗಳನ್ನು ಕೇಳಿ ಇಸಿದುಕೊಳ್ಳಿ. ಸುಮ್ನೆ ಬಿಟ್ಟು ಬಂದರೆ ನಾಲ್ಕು ವರ್ಷದ ಮೇಲೆ ಕೈ ದಪ್ಪಗಾದಾಗ ನೆನಪಾಗುತ್ತದೆ.

ಚರ್ಮದ ಬೆಲ್ಟು ಮುಂಬೈಯಲ್ಲಿ ದೀಪಾವಳಿಯಿಂದ ಹೋಳಿವರೆಗೆ ಮಾತ್ರ. ಆಮೇಲೆ ಬೆವರಿಗೆ ವಾಸನೆ, ಜೂನ್ ಬಂದರೆ ಬೂಸ್ಟು. ಉಳಿದ ತಿಂಗಳು ರಬ್ಬರ್, ಇಲ್ಲವೇ ಚೈನು. ಇನ್ನು ವಾಚಿನ ಹಿಂಬದಿಯಲ್ಲಿ ‘30 ಮೀಟರ್’ ಅಂತ ಬರೆದಿದ್ದರೆ ಅದು ಕೈ ತೊಳೆಯುವಾಗ ಸಿಡಿಯುವ ಹನಿಗೆ ಮಾತ್ರ ಧೈರ್ಯ. ಈಜಲು, ಮಳೆಗಾಲದಲ್ಲಿ ಮೊಣಕಾಲು ನೀರಿನಲ್ಲಿ ದಾದರ್ ಬಳಿಯ ಹಿಂದ್‌ಮಾತಾ ಜಂಕ್ಷನ್ ದಾಟಲು ಅಲ್ಲ. ನೂರು ಮೀಟರಿನದು ನೋಡಿ.

ಚೋರ್ ಬಜಾರಿನ ಆಸೆ ಇದ್ದರೆ

ಸಣ್ಣ ಕೈಯವರಿಗೆ ಮುಂಬೈಯ ಹಳೇ ಸಾಮಾನಿನ ಪೇಟೆ ಚೋರ್ ಬಜಾರಿನಲ್ಲಿ ಸಿಗುವಂಥ ಹಳೇ ವಾಚು ಒಳ್ಳೆಯ ದಾರಿ. ಅವು ಹೆಚ್ಚಾಗಿ 34ರಿಂದ 37ರ ಒಳಗಿನವು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಆದ ಮೇಲೆ ಅವುಗಳ ಮೇಲಿನ ಆಸೆಯೂ ಹೆಚ್ಚಿತು. ಆದರೆ ಒಂದು ಎಚ್ಚರಿಕೆ. ಹೊರದೇಶದ ವಾಚ್ ಪ್ರಿಯರ ಬಾಯಲ್ಲಿ ‘ಮುಂಬೈ ಸ್ಪೆಷಲ್’ ಅನ್ನುವ ಮಾತಿದೆ. ಹೊಗಳಿಕೆ ಅಲ್ಲ. ಹಳೇ ಸೈಕೋ, ಎಚ್‌ಎಂಟಿಗಳ ಡಯಲಿಗೆ ಹೊಸ ಬಣ್ಣ ಬಳಿದು, ಇದರ ಮುಳ್ಳು ಅದಕ್ಕೆ, ಅದರ ಮಷಿನ್ನು ಇದಕ್ಕೆ ಹಾಕಿ ಮಾರುವ ವಾಚಿಗೆ ಆ ಹೆಸರು. ನಲವತ್ತು ವರ್ಷದ ವಾಚಿನಲ್ಲಿ ಡಯಲ್ ಮಾತ್ರ ನಿನ್ನೆ ಮದುವೆಯಾದವರ ಹಾಗೆ ಹೊಳೆಯುತ್ತಿದ್ದರೆ, ಅಕ್ಷರ ದಪ್ಪಗೆ ಸೊಟ್ಟಗೆ ಇದ್ದರೆ, ಕೆಳಗಿಟ್ಟು ಬನ್ನಿ. ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಕೊಳ್ಳುವುದೇ ಆದರೆ ವಾಚ್ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಹಿಂದಿನ ಮುಚ್ಚಳ ತೆಗೆಸಿ ನೋಡಿ.

ಈಗಾಗಲೇ ದೊಡ್ಡದು ಕೊಂಡುಬಿಟ್ಟಿದ್ದೀರಾ?

ಮಾರುವ ಮೊದಲು ಬೆಲ್ಟು ಬದಲಿಸಿ ನೋಡಿ. ಡಯಲಿನದೇ ಬಣ್ಣದ, ಹೊಳಪಿಲ್ಲದ ಬೆಲ್ಟು ಹಾಕಿದರೆ ವಾಚ್ ಸ್ವಲ್ಪ ತಗ್ಗಿ ಕಾಣುತ್ತದೆ. ಕೊಂಬಿನಿಂದ ನೇರ ಕೆಳಕ್ಕೆ ಬೀಳುವ ಮೆತ್ತನೆಯ ರಬ್ಬರ್ ಆದರೆ ಇನ್ನೂ ಒಳ್ಳೆಯದು. ಕೇಸಿನ ಅಡಿಯಿಂದ ಹಾದುಹೋಗುವ ನೈಲಾನ್ ಪಟ್ಟಿ ಮಾತ್ರ ಬೇಡ, ಅದು ವಾಚನ್ನು ಇನ್ನಷ್ಟು ಮೇಲೆತ್ತುತ್ತದೆ. ಮಣಿಕಟ್ಟಿನ ಗಂಟಿನಿಂದ ಒಂದು ಬೆರಳು ಹಿಂದಕ್ಕೆ, ಕೈ ಅಗಲವಿರುವ ಕಡೆ ಕಟ್ಟಿ. ಇಷ್ಟಾದರೂ ಕೊಂಬುಗಳು ಅಂಚು ದಾಟಿದರೆ ಬಿಟ್ಟುಬಿಡಿ, ಆ ಅಳತೆಗೆ ಔಷಧ ಇಲ್ಲ.

ನನ್ನ 46ನ್ನು ಕೊನೆಗೆ ಥಾಣೆಯ ಭಾವನಿಗೆ ಕೊಟ್ಟೆ. ಅವರ ಕೈ 20 ಸೆಂಟಿಮೀಟರ್. ಗಣಪತಿ ಹಬ್ಬಕ್ಕೆ ಅದನ್ನು ಕಟ್ಟಿಕೊಂಡು ಬಂದಿದ್ದರು. ಆ ಕೈಯಲ್ಲಿ ಅದು 40ರ ವಾಚಿನ ಹಾಗೆ ಕಂಡಿತು. ನಾನು ಎರಡು ಸಲ ಕೈ ಹಿಡಿದು ನೋಡಿದೆ. ಅವರು ಗಂಟೆ ಕೇಳುತ್ತಿದ್ದೇನೆ ಅಂದುಕೊಂಡು “ಹನ್ನೆರಡೂ ಕಾಲು, ಊಟಕ್ಕೆ ಹೊತ್ತಾಯ್ತು” ಅಂದರು.